ಕೆಂಪಿಗೆ ಅಂಕ ಕೊಡುತ್ತಿದ್ದ ಕಾಲ

ಮೊನ್ನೆ ಒಬ್ಬಳು ಹುಡುಗಿ ಉದ್ಯಾವರದ ನಮ್ಮ ಮನೆಗೆ ಬಂದಿದ್ದಳು. ಹೆಂಡತಿಯ ಕಡೆಯಿಂದ ಸಂಬಂಧ, ಯಾವುದೋ ಆಸ್ಪತ್ರೆಯ ಫೋಟೋ ವಿಭಾಗಕ್ಕೆ ಹೊಸದಾಗಿ ಸೇರಿದವಳು. ಈಗ ಚರ್ಮದ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟರೆ ಎಷ್ಟು ಕೆಂಪು, ಎಷ್ಟು ಕಪ್ಪು ಎಂದು ಅದೇ ಲೆಕ್ಕ ಹಾಕಿ ಹೇಳುತ್ತದಂತೆ. ಅದನ್ನೆಲ್ಲ ವಿವರಿಸಿದ ಮೇಲೆ, "ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮಾವ, ಬರೇ ಕಣ್ಣಂದಾಜು ಅಲ್ವಾ?" ಎಂದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಮಾತಾಡುವವನಲ್ಲ, ಚಾ ಕುಡಿಯುವವ. ಅವಳು ಹೋದ ಮೇಲೆ ಚಾ ಕುಡಿದು ಇದನ್ನು ಬರೆಯಲು ಕುಳಿತೆ.

ನಾನು ಡಾಕ್ಟರನಲ್ಲ. ಮಣಿಪಾಲದ ಒಂದು ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ರೋಗಿಗಳ ಫೋಟೋ ತೆಗೆಯುವುದು ನನ್ನ ಕೆಲಸ. ನಿವೃತ್ತನಾಗುವವರೆಗೂ ಅದೊಂದೇ ಕೆಲಸ ಮಾಡಿದೆ. ಬಣ್ಣವನ್ನು ನಾವೂ ಅಳೆಯುತ್ತಿದ್ದೆವು. ಹೇಗೆ ಅಳೆದೆವು ಎನ್ನುವುದನ್ನು ಹೇಳುತ್ತೇನೆ. ಆದರೆ ಆ ಅಳತೆ ರೋಗಿಯ ಹಿಂದೆಯೇ ಬಸ್ಸು ಹತ್ತಿ ಮನೆಗೆ ಹೋಗಿ ಎಂತ ಮಾಡುತ್ತದೆ ಎನ್ನುವುದನ್ನು ಅದಕ್ಕಿಂತ ಮುಖ್ಯವಾಗಿ ಹೇಳಬೇಕು. ಇನ್ನಂಜೆಯ ಜಲಜ ಎಂಬ ಹೆಂಗಸು ಮನೆಯ ಹೂ ಮುಟ್ಟಬಹುದೋ ಮುಟ್ಟಬಾರದೋ ಎನ್ನುವುದು ಕೆಲವು ತಿಂಗಳು ನಾವು ಕೊಡುವ ಅಂಕದ ಮೇಲೆ ನಿಂತಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಉಡುಪಿಯ ಒಂದು ಸ್ಟುಡಿಯೋದಲ್ಲಿದ್ದೆ. ನಮ್ಮ ಯಜಮಾನರು ನೆಗೆಟಿವಿನ ಮೇಲೆ ಸೀಸದ ಕಡ್ಡಿ ಆಡಿಸುವುದರಲ್ಲಿ ನಿಪುಣರು. ಮೊಡವೆ, ಕಲೆ, ಸಿಡುಬಿನ ಗುಳಿ, ಯಾವುದನ್ನೂ ಉಳಿಸುತ್ತಿರಲಿಲ್ಲ. "ಮುಖದಲ್ಲಿ ಒಂದು ಚುಕ್ಕೆ ಉಳಿದ್ರೆ ಆ ಹುಡುಗಿಯ ಸಂಬಂಧ ತಪ್ಪಿಸಿದ ಪಾಪ ನಮಗೆ" ಎನ್ನುತ್ತಿದ್ದರು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದಕ್ಕೆ ಅವರು ಬೇರೆ ದುಡ್ಡು ಕೇಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಆಗ ಫೋಟೋದವರು ಇರಲಿಲ್ಲ. ಬೇಕಾದಾಗ ರೋಗಿಯನ್ನು ನಮ್ಮ ಸ್ಟುಡಿಯೋಕ್ಕೆ ಕಳಿಸುತ್ತಿದ್ದರು. ಒಂದು ದಿನ ಚರ್ಮದ ವಿಭಾಗದ ಡಾಕ್ಟರು ಸುನಂದಾ ಮೇಡಂ ಸ್ವತಃ ಬಂದರು. ಕೈಯಲ್ಲಿ ಒಂದು ಫೋಟೋ ಇತ್ತು. "ನಾನು ಕಳಿಸಿದ ಮನುಷ್ಯನ ಹಣೆಯಲ್ಲಿ, ಕೆನ್ನೆಯಲ್ಲಿ ಅಂಗೈ ಅಗಲದ ಕಲೆಗಳು ಇದ್ವು. ನೀವು ನನಗೆ ಸಿನೆಮಾದ ಹೀರೋನನ್ನು ವಾಪಸ್ ಕಳಿಸಿದ್ದೀರಿ" ಎಂದರು. ಯಜಮಾನರು ಹೆಮ್ಮೆಯಿಂದ, "ಚಂದ ಬಂದಿದೆ ಅಲ್ವಾ ಡಾಕ್ಟ್ರೆ?" ಎಂದರು. ನನಗೆ ನಗು ತಡೆಯಲಿಲ್ಲ. ಮೇಡಂ ನನ್ನ ಕಡೆ ತಿರುಗಿ, "ನಿಮಗೆ ಅರ್ಥ ಆಯ್ತಲ್ಲ, ಅಷ್ಟು ಸಾಕು. ನಮ್ಮಲ್ಲಿಗೆ ಬರ್ತೀರಾ?" ಎಂದು ಕೇಳಿದರು. ಮುಂದಿನ ತಿಂಗಳಿನಿಂದ ನಾನು ಮಣಿಪಾಲದ ಬಸ್ಸು ಹಿಡಿದೆ.

ಮೇಡಮ್ಮಿಗೆ ಒಂದೇ ತಕರಾರು. ಕೇಸ್ ಶೀಟಿನಲ್ಲಿ "ಸ್ವಲ್ಪ ಕೆಂಪು", "ಮೊದಲಿಗಿಂತ ಕಡಿಮೆ ಕೆಂಪು" ಎಂದು ಬರೆದಿರುತ್ತದೆ. ಸ್ವಲ್ಪ ಎಂದರೆ ಎಷ್ಟು? ಬೆಳಿಗ್ಗೆ ಒಬ್ಬ ಡಾಕ್ಟರು ನೋಡಿ ಗುಣವಾಗಿದೆ ಎನ್ನುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಹೆಚ್ಚಾಗಿದೆ ಎನ್ನುತ್ತಾರೆ. ನಡುವೆ ರೋಗಿ ಶರ್ಟು ಬಿಚ್ಚಿ ನಿಂತಿರುತ್ತಾನೆ. ಇದಕ್ಕೊಂದು ಅಳತೆ ಬೇಕು ಎನ್ನುವುದು ಅವರ ಹಟ.

ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ದೊಡ್ಡ ಡಾಕ್ಟರಿಗೆ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು. ತುಂಬ ಒಳ್ಳೆಯ ಮನುಷ್ಯ, ರೋಗಿಯ ಹೆಗಲ ಮೇಲೆ ಕೈ ಹಾಕಿ ಮಾತಾಡಿಸುವವರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ? ನನಗೆ ಕಣ್ಣು ಉಂಟಲ್ಲ" ಎನ್ನುತ್ತಿದ್ದರು. ಮೇಡಂ ವಾದ ಮಾಡಲಿಲ್ಲ. ಒಂದು ವಾರ ಬಿಟ್ಟು ಫೋಟೋಗಳ ಒಂದು ಕಟ್ಟು ಕೊಟ್ಟು, ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಹೇಳಿ ಎಂದರು. ಒಂದೇ ನೆಗೆಟಿವಿನಿಂದ ನಾನು ಮಾಡಿದ್ದ ಎರಡು ಪ್ರಿಂಟು ಅದರಲ್ಲಿ ದೂರ ದೂರ ಇದ್ದವು. ಮೊದಲನೆಯದಕ್ಕೆ ದೊಡ್ಡ ಡಾಕ್ಟರು "ಗುಣವಾಗ್ತಾ ಉಂಟು" ಎಂದರು, ಎರಡನೆಯದಕ್ಕೆ "ಇವನಿಗೆ ಮದ್ದು ಬದಲಿಸಬೇಕು" ಎಂದರು. ಸಂಗತಿ ತಿಳಿದಾಗ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನಮ್ಮ ಫ್ಲ್ಯಾಶ್ ಲೈಟಿನ ಅರ್ಜಿಗೆ ಅದೇ ದಿನ ಸಹಿ ಬಿತ್ತು.

ಫ್ಲ್ಯಾಶ್ ಬರುವ ಮೊದಲು ಬಲ್ಬಿನ ಬೆಳಕು. ಆಗಿನ ಕರೆಂಟು ನಿಮಗೆ ಗೊತ್ತಿಲ್ಲ. ವೋಲ್ಟೇಜು ಇಳಿದರೆ ಬಲ್ಬು ಕೆಂಪಗಾಗುತ್ತಿತ್ತು, ಬಲ್ಬಿನ ಜೊತೆ ರೋಗಿಯೂ ಕೆಂಪಗಾಗುತ್ತಿದ್ದ. ಬಣ್ಣದ ಫಿಲ್ಮು ತೊಳೆಯಲು ಬೊಂಬಾಯಿಗೆ ಕಳಿಸಬೇಕಿತ್ತು. ಒಂದು ಮಳೆಗಾಲದಲ್ಲಿ ಬಂದ ಸ್ಲೈಡುಗಳನ್ನು ಗೋಡೆಗೆ ಬಿಟ್ಟು ನೋಡಿದರೆ ಕಾಪುವಿನಿಂದ ಕಾರ್ಕಳದವರೆಗೆ ನಮ್ಮ ಎಲ್ಲ ರೋಗಿಗಳಿಗೂ ಕಾಯಿಲೆ ಹೆಚ್ಚಾಗಿತ್ತು. ಮೇಡಂ ತಲೆ ಮೇಲೆ ಕೈ ಹೊತ್ತು ಕುಳಿತರು. ಕೊನೆಗೆ ನೋಡಿದರೆ ಹಾಸಿಗೆಯ ಬಿಳಿ ವಸ್ತ್ರವೂ ಗುಲಾಬಿ, ನರ್ಸಿನ ಟೊಪ್ಪಿಯೂ ಗುಲಾಬಿ. ತಪ್ಪು ಫಿಲ್ಮಿನದ್ದು.

ಆಮೇಲೆ ಮೇಡಂ ಯಾವುದೋ ಹಳೆಯ ಪುಸ್ತಕದಲ್ಲಿ ಓದಿ ಒಂದು ಉಪಾಯ ತಂದರು. ಬಣ್ಣ ಅಳೆಯಬೇಕಾದರೆ ಬಣ್ಣದ ಫಿಲ್ಮನ್ನೇ ಬಿಡುವುದು. ಕಪ್ಪು ಬಿಳುಪು ಫಿಲ್ಮು ಹಾಕಿ, ಲೆನ್ಸಿನ ಮುಂದೆ ಹಸಿರು ಗಾಜು ಇಟ್ಟು ತೆಗೆದರೆ ಚರ್ಮದ ಕೆಂಪು ಕಪ್ಪಾಗಿ ಬೀಳುತ್ತದೆ. ಹೆಚ್ಚು ಕೆಂಪಿದ್ದಲ್ಲಿ ಹೆಚ್ಚು ಕಪ್ಪು. ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೂದು ಬಣ್ಣದ ಒಂದು ಪಟ್ಟಿಯನ್ನು ನಾನು ಡಾರ್ಕ್ ರೂಮಿನಲ್ಲಿ ತಯಾರು ಮಾಡಿದೆ. ಪ್ರತಿ ಫೋಟೋದಲ್ಲೂ ಕಲೆಯ ಪಕ್ಕದಲ್ಲಿ ಆ ಪಟ್ಟಿ ಇರಬೇಕು. ಕಲೆ ಯಾವ ಮೆಟ್ಟಿಲಿಗೆ ಹೊಂದುತ್ತದೆ ಎಂದು ನೋಡಿ ಅಂಕ ಹಾಕುವುದು. ವಿದೇಶದ ಪುಸ್ತಕದಲ್ಲಿ ಇದ್ದದ್ದು ಅವರ ಬಿಳಿ ಚರ್ಮದ ಲೆಕ್ಕ. ನಮ್ಮವರ ಮೈ ಮೊದಲೇ ಕಂದು, ಒಬ್ಬೊಬ್ಬರದ್ದು ಒಂದೊಂದು ನಮೂನೆ. ಹಾಗಾಗಿ ಮೇಡಂ ಕಲೆಯನ್ನು ಮಾತ್ರ ನೋಡದೆ, ಅದರ ಬದಿಯ ಒಳ್ಳೆಯ ಚರ್ಮಕ್ಕೂ ಕಲೆಗೂ ಎಷ್ಟು ಮೆಟ್ಟಿಲು ವ್ಯತ್ಯಾಸ ಎಂದು ಎಣಿಸುವ ಕ್ರಮ ಮಾಡಿದರು. ಆರು ಮೆಟ್ಟಿಲಿದ್ದರೆ ಅಂಕ ಆರು. ಗುಣವಾದ ಹಾಗೆ ಅಂಕ ಇಳಿಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ನಮಗೆ ನಮ್ಮ ಜನರ ಬಗ್ಗೆ ಒಂದು ಸಂಗತಿ ಹೊಳೆದಿರಲಿಲ್ಲ. ನಮ್ಮ ಕಡೆ ಫೋಟೋ ಎಂದರೆ ಮದುವೆಗೋ ಪಾಸ್‌ಪೋರ್ಟಿಗೋ ತೆಗೆಸುವುದು. ಹಳೆಯ ಬಟ್ಟೆಯಲ್ಲಿ ಹೋಗಿ ತೆಗೆಸಿಕೊಂಡರೆ ಮರ್ಯಾದೆ ಹೋಯಿತು. "ಮುಂದಿನ ಸಲ ಫೋಟೋ ಉಂಟು" ಎಂದು ಹೇಳಿ ಕಳಿಸಿದರೆ ಎಲ್ಲರೂ ಮೀಯಿಸಿ ಸಿಂಗರಿಸಿದ ಮದುಮಕ್ಕಳ ಹಾಗೆ ಬರುತ್ತಿದ್ದರು. ಬೆಳ್ಮಣ್ಣಿನ ಒಬ್ಬರು ನಿವೃತ್ತ ಮಾಸ್ಟ್ರು ಮೊಣಕಾಲಿನ ಫೋಟೋಕ್ಕೆ ಕೋಟು ಹಾಕಿ ಬಂದಿದ್ದರು. ನಾನು ಪಂಚೆ ಮೇಲೆತ್ತಿ ಎಂದಾಗ, "ಮೊಣಕಾಲಿನದ್ದು ಆಗಲಿ ಮಾರಾಯ, ಮುಖದ್ದೂ ಒಂದು ತೆಗಿ. ಕೋಟು ಇಸ್ತ್ರಿ ಮಾಡಿಸಿದ್ದು ಮೊಣಕಾಲಿಗಲ್ಲ" ಎಂದರು. ತೆಗೆದುಕೊಟ್ಟೆ.

ಕಾರ್ಕಳದ ಒಬ್ಬ ಹೆಂಗಸಿಗಂತೂ ಅಂಕ ಒಂದೇ ಸಲ ಐದರಿಂದ ಸೊನ್ನೆಗೆ ಇಳಿಯಿತು. ಮೇಡಂ ಸಂತೋಷದಿಂದ ದೊಡ್ಡ ಡಾಕ್ಟರನ್ನು ಕರೆದು ತೋರಿಸಿದರು. ನಾನು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದೆ. ಸ್ಟುಡಿಯೋದಲ್ಲಿ ಅಷ್ಟು ವರ್ಷ ದುಡಿದವನಿಗೆ ಪೌಡರು ಗೊತ್ತಾಗದೆ ಇರುತ್ತದೆಯೇ? ಕುತ್ತಿಗೆಯಿಂದ ಮೊಣಕೈವರೆಗೆ ಆ ಪುಣ್ಯಾತ್ಗಿತ್ತಿ ಪೌಡರು ಬಳಿದುಕೊಂಡು ಬಂದಿದ್ದಳು. ಅಂದಿನಿಂದ ನಿಯಮವಾಯಿತು: ಫೋಟೋಕ್ಕೆ ಮೊದಲು ಸಾಬೂನು ಹಾಕಿ ತೊಳೆಯಬೇಕು, ಒರೆಸಿ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಇನ್ನು ನಮ್ಮ ಅಳತೆಗೆ ಮೋಸವಿಲ್ಲ ಎಂದುಕೊಂಡೆವು.

ಜಲಜ ಬಂದದ್ದು ಎಂಬತ್ತರ ದಶಕ ಶುರುವಾದ ಮೇಲೆ. ಇನ್ನಂಜೆಯವಳು, ಮೂವತ್ತರ ಒಳಗಿನ ಪ್ರಾಯ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ. ಮನೆಯಲ್ಲಿ ಅತ್ತೆ ಕಮಲಕ್ಕ ಮತ್ತು ಒಬ್ಬಳು ಸಣ್ಣ ಮಗಳು. ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳು. ಕಾಪು, ಇನ್ನಂಜೆಯ ಕಡೆ ಅನೇಕ ಮನೆಗಳ ಹಾಗೆ ಅವರದ್ದೂ ಮಲ್ಲಿಗೆಯ ಮನೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಧ್ಯಾಹ್ನ ಹೂವಿನ ಏಜೆಂಟ್ ಬರುವುದರೊಳಗೆ ಸರವನ್ನು ಸುತ್ತಿ ಚೆಂಡು ಮಾಡಿ ಇಡಬೇಕು. ಜಲಜಳ ಕೈ ಆ ಊರಿನಲ್ಲೇ ವೇಗದ್ದಂತೆ.

ಆ ಕೈಗಳಿಗೇ ಸೋರಿಯಾಸಿಸ್ ಬಂದಿತ್ತು. ಮಣಿಗಂಟಿನಿಂದ ಮೊಣಕೈವರೆಗೆ ಕೆಂಪು ಕಲೆ, ಮೇಲೆ ಬೆಳ್ಳಿಯ ಹಾಗೆ ಹೊಟ್ಟು. ಏಜೆಂಟ್ ಒಂದು ದಿನ ನೋಡಿ, "ಇದು ದೇವಸ್ಥಾನಕ್ಕೆ ಹೋಗುವ ಹೂ. ಇವರ ಕೈಯಲ್ಲಿ ಕಟ್ಟಿದ್ದು ನನಗೆ ಬೇಡ" ಎಂದುಬಿಟ್ಟ. ಕುಷ್ಠ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಂದಿನಿಂದ ಕಮಲಕ್ಕ ಸೊಸೆಯನ್ನು ಹೂವಿನ ಹತ್ತಿರ ಬಿಡಲಿಲ್ಲ. ಗಿಡಕ್ಕೆ ನೀರು ಹಾಕಬಹುದು, ಮೊಗ್ಗು ಮುಟ್ಟಬಾರದು. ಕಟ್ಟಲಿಕ್ಕೆ ಪಕ್ಕದ ಮನೆಯ ಹುಡುಗಿಯರನ್ನು ಕರೆದರು. ಜಲಜ ನನ್ನ ಕ್ಯಾಮೆರಾದ ಮುಂದೆ ಕೈಚಾಚಿ ಕುಳಿತವಳು ಗೋಡೆ ನೋಡುತ್ತ ಒಂದು ಮಾತು ಹೇಳಿದಳು: "ಮಗಳ ಜಡೆಗೆ ಒಂದು ತುಂಡು ಹೂ ಮುಡಿಸಲಿಕ್ಕೂ ನನಗೆ ಇಲ್ಲ ಅಣ್ಣ." ನನ್ನ ಮಗಳಿಗೂ ಆಗ ಅದೇ ವಯಸ್ಸು. ನಾನು ಪಟ್ಟಿಯನ್ನು ಸರಿಮಾಡಿದೆ.

ಮೊದಲ ದಿನದ ಅಂಕ ಆರು. ಮೇಡಂ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ, ಇದು ಕುಷ್ಠವಲ್ಲ, ಅಂಟುವುದೇ ಇಲ್ಲ ಎಂದು ಬಿಡಿಸಿ ಹೇಳಿದರು. ವಾರಕ್ಕೊಮ್ಮೆ ನುಂಗುವ ಒಂದು ಬಲವಾದ ಮಾತ್ರೆ ಕೊಟ್ಟರು. ಅದು ಲಿವರಿಗೆ ಒಳ್ಳೆಯದಲ್ಲ, ಸುಮ್ಮನೆ ಕೊಡುವ ಹಾಗಿಲ್ಲ. ಅಂಕ ಇಳಿಯುತ್ತಿದ್ದರೆ ಮುಂದುವರಿಸುವುದು, ಇಳಿಯದಿದ್ದರೆ ನಿಲ್ಲಿಸಿ ಬೇರೆ ದಾರಿ ನೋಡುವುದು. ಅಳತೆ ಇದ್ದದ್ದೇ ಅದಕ್ಕೆ. ಅಂಕವನ್ನು ರೋಗಿಗೂ ತಿಳಿಸಬೇಕು, ಧೈರ್ಯ ಬರುತ್ತದೆ ಎಂದು ಮೇಡಮ್ಮಿನ ನಂಬಿಕೆ. ಪ್ರತಿ ಸಲವೂ ಹೇಳುತ್ತಿದ್ದರು.

ಕಮಲಕ್ಕ ಹೊರಗೆ ಬಂದು ನಮ್ಮ ಚಿಕ್ಕ ಡಾಕ್ಟರನ್ನು ಹಿಡಿದರು. ಕಾರ್ಕಳದ ಹುಡುಗ, ಆಗ ತಾನೇ ಕಲಿಯಲು ಸೇರಿದವನು, ನಗಿಸುವ ಬಾಯಿ. "ಎಷ್ಟಕ್ಕೆ ಬಂದ್ರೆ ಪಾಸು ಡಾಕ್ಟ್ರೆ?" ಎಂದು ಕಮಲಕ್ಕ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಅಂಕ ಎಂದ ಮೇಲೆ ಪಾಸು ಫೇಲು ಇರಲೇಬೇಕು. ಪಕ್ಕದ ಮನೆಯ ಮಗನ ಎಸ್ಸೆಸ್ಸೆಲ್ಸಿ ಅಂಕ ಬಾಯಿಪಾಠ ಇಲ್ಲದವರು ಇಲ್ಲಿ ಯಾರಿದ್ದಾರೆ? ಹುಡುಗ ನಕ್ಕು, "ಎರಡಕ್ಕೆ ಬಂದ್ರೆ ಫಸ್ಟ್ ಕ್ಲಾಸಲ್ಲಿ ಪಾಸು ಅಮ್ಮ" ಎಂದ. ನಾನು ಪಕ್ಕದಲ್ಲೇ ಇದ್ದೆ, ನನಗೂ ನಗು ಬಂತು. ಕಮಲಕ್ಕ ನಗಲಿಲ್ಲ, ತಲೆಯಾಡಿಸಿ ಸೊಸೆಯನ್ನು ಕರೆದುಕೊಂಡು ಬಸ್ಸಿಗೆ ಹೋದರು.

ಮುಂದಿನ ತಿಂಗಳು ಐದು. ಅದರ ಮುಂದಿನ ಸಲವೂ ಐದು. ಆಮೇಲೆ ನಾಲ್ಕು. ಮೇಡಮ್ಮಿಗೆ ಖುಷಿ. ಮಾತ್ರೆ ಹಿಡಿಯುತ್ತಿದೆ ಎಂದು ಮುಂದುವರಿಸಿದರು. ಜಲಜ ಮಾತ್ರ ಸೊರಗುತ್ತಿದ್ದಳು. "ಊಟ ಸೇರ್ತದಾ? ವಾಂತಿ ಉಂಟಾ?" ಎಂದು ಮೇಡಂ ಕೇಳಿದರೆ, "ಎಂತ ಇಲ್ಲ ಡಾಕ್ಟ್ರೆ, ಆರಾಮ ಉಂಟು" ಎಂದು ತಲೆ ತಗ್ಗಿಸುತ್ತಿದ್ದಳು. ಮೂರಕ್ಕೆ ಇಳಿದ ದಿನ ಕಮಲಕ್ಕ ನನ್ನ ಹತ್ತಿರ ಬಂದು, "ಇನ್ನು ಒಂದು ಅಲ್ವಾ ಫೋಟೋದವ್ರೆ?" ಎಂದರು. ಹೌದು ಎಂದೆ. ಅವರ ಮುಖ ಅರಳಿದ್ದನ್ನು ಕಂಡು, ಈ ಮುದುಕಿಗೆ ಸೊಸೆಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ಅದು ಸುಳ್ಳೂ ಆಗಿರಲಿಲ್ಲ.

ಎರಡು ಬರಬೇಕಾಗಿದ್ದ ದಿನ ನನ್ನ ಫ್ಲ್ಯಾಶ್ ಕೈಕೊಟ್ಟಿತು. ಎಲ್ಲಿಯೋ ವಯರು ಸಡಿಲ. ಜಲಜಳನ್ನು ಒಳಗೆ ಕರೆದವನು ಮತ್ತೆ ಹೊರಗೆ ಕೂರಿಸಿ ರಿಪೇರಿಗೆ ಕುಳಿತೆ. ತುಂಬ ಹೊತ್ತು ಹಿಡಿಯಿತು. ಎರಡು ಸಲ ಕಮಲಕ್ಕ ಬಾಗಿಲಿಗೆ ಬಂದು, "ಆಯ್ತಾ? ಈಗ ತೆಗೀತೀರಾ?" ಎಂದು ಅವಸರ ಮಾಡಿದರು. ಬಸ್ಸಿನ ಚಿಂತೆ ಇರಬೇಕು ಎಂದುಕೊಂಡೆ. ಕೊನೆಗೆ ಕರೆದು ಫೋಟೋ ತೆಗೆದೆ. ಕಲೆಗಳು ಎಂದಿಗಿಂತ ಕೆಂಪಾಗಿ ಕಂಡು ತೆಗೆಯುವಾಗಲೇ ಸಂಶಯ ಬಂತು. ತೊಳೆದು ನೋಡಿದರೆ ಅಂಕ ಏಳು. ಮೊದಲ ದಿನಕ್ಕಿಂತಲೂ ಹೆಚ್ಚು.

ಮೇಡಂ ಪ್ರಿಂಟು ಹಿಡಿದುಕೊಂಡು ಓಡಿ ಬಂದರು. ಒಂದು ತಿಂಗಳಲ್ಲಿ ಇಷ್ಟು ಏರಬೇಕಾದರೆ ಏನೋ ಅನಾಹುತವಾಗಿದೆ ಎಂದು ಅವರಿಗೆ ಗಾಬರಿ. ಜಲಜಳ ಕೈ ಹಿಡಿದವರು ಥಟ್ಟನೆ ನಿಂತರು. "ಕೈಗೆ ಯಾಕೆ ಮೀನಿನ ವಾಸನೆ ಉಂಟು?"

ಜಲಜ ಅತ್ತೆಯ ಕಡೆ ನೋಡಿದಳು. ಕಮಲಕ್ಕ ಕಾಲ ಬಳಿಯ ಚೀಲವನ್ನು ಬೆಂಚಿನ ಅಡಿಗೆ ತಳ್ಳಿದರು. ಅದರಿಂದ ನೀರು ಒಸರುತ್ತಿತ್ತು, ಅದೇ ವಾಸನೆ ಬರುತ್ತಿತ್ತು. ಚಿಕ್ಕ ಡಾಕ್ಟರು ಬಗ್ಗಿ ತೆಗೆದರೆ ಒಂದು ಟಿಫಿನ್ ಡಬ್ಬಿ, ಅದರೊಳಗೆ ಕರಗಿ ಉಳಿದ ಐಸಿನ ಚೂರುಗಳು.

ಉಡುಪಿಯಲ್ಲಿ ಬಸ್ಸು ಬದಲಾಯಿಸುವಾಗ ಮೀನು ಮಾರ್ಕೆಟಿಗೆ ಹೋಗಿ ಐಸ್ ತರುತ್ತಿದ್ದರಂತೆ. ಮಣಿಪಾಲಕ್ಕೆ ಬಂದು ಇಬ್ಬರೂ ಕೈ ತೊಳೆಯುವ ನಲ್ಲಿಯ ಗೋಡೆಯ ಮರೆಗೆ ನಿಂತು, ಹೆಸರು ಕರೆಯುವವರೆಗೆ ಕಲೆಗಳ ಮೇಲೆ ಒತ್ತಿ ಹಿಡಿಯುವುದು. ತಣ್ಣಗಾದರೆ ರಕ್ತ ಹಿಂದೆ ಸರಿದು ಕೆಂಪು ಇಳಿಯುತ್ತದೆ. ಮೊದಲ ಸಲ ಒದ್ದೆಬಟ್ಟೆ ಹಾಕಿ ನೋಡಿದರಂತೆ, ಆಮೇಲೆ ಐಸ್. ಒತ್ತುವ ಹೊತ್ತು ಹೆಚ್ಚಿದ ಹಾಗೆ ಅಂಕ ಇಳಿಯುತ್ತ ಬಂದಿತ್ತು. ಬೆಂಚಿನಲ್ಲಿ ಕುಳಿತು ಕಾಯುವ ನಿಯಮವನ್ನು ನಾವು ಗಡಿಯಾರ ನೋಡಿ ಪಾಲಿಸಿದವರಲ್ಲ, ಸರದಿ ಬಂದ ಹಾಗೆ ಕರೆಯುತ್ತಿದ್ದೆವು. ಆ ದಿನ ಫ್ಲ್ಯಾಶ್ ಕೆಟ್ಟು ತಡವಾಯಿತು, ಹಿಂದೆ ಸರಿದಿದ್ದ ರಕ್ತ ಇಮ್ಮಡಿಯಾಗಿ ತಿರುಗಿ ಬಂತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಒಂದು ಗಂಟೆ ಸುಮ್ಮನೆ ಕೂರಿಸಿ ಮತ್ತೆ ತೆಗೆದೆ. ಅಂಕ ಆರು. ಮೊದಲ ದಿನ ಎಷ್ಟಿತ್ತೋ ಅಷ್ಟೇ. ಅಷ್ಟು ತಿಂಗಳು ನುಂಗಿದ ಮಾತ್ರೆ ಎಂತದೂ ಮಾಡಿರಲಿಲ್ಲ. ಮಾತ್ರೆ ನುಂಗಿದಾಗಲೆಲ್ಲ ಎರಡು ದಿನ ವಾಂತಿಯಾಗುತ್ತಿತ್ತು, ಹೇಳಿದರೆ ನಿಲ್ಲಿಸುತ್ತೀರಿ, ನಿಲ್ಲಿಸಿದರೆ ಪಾಸಾಗುವುದಿಲ್ಲ ಎಂದು ಹೇಳಲಿಲ್ಲ ಎಂದು ಜಲಜ ಆಗ ಬಾಯಿಬಿಟ್ಟಳು.

"ಪಾಸಾ? ಎಂತ ಪಾಸು?" ಎಂದರು ಮೇಡಂ.

"ಎರಡಕ್ಕೆ ಬಂದ್ರೆ ಪಾಸು ಅಂತ ಈ ಸಣ್ಣ ಡಾಕ್ಟ್ರೇ ಹೇಳಿದ್ರಲ್ಲ" ಎಂದರು ಕಮಲಕ್ಕ. "ಪಾಸಾದ್ರೆ ಹೂ ಮುಟ್ಟು ಅಂತ ನಾನೇ ಇವಳಿಗೆ ಮಾತು ಕೊಟ್ಟಿದ್ದೇನೆ."

ಚಿಕ್ಕ ಡಾಕ್ಟರ್ ತನ್ನ ಚಪ್ಪಲಿ ನೋಡತೊಡಗಿದ. ಮೇಡಂ ಅವನನ್ನು ಬೈಯಲಿಲ್ಲ. ಕಮಲಕ್ಕನ ಎದುರು ಸ್ಟೂಲು ಎಳೆದು ಕುಳಿತರು. "ಇದು ನಿಮ್ಮ ಸೊಸೆಗೆ ಇಟ್ಟ ಪರೀಕ್ಷೆ ಅಲ್ಲ ಕಮಲಕ್ಕ. ನಾನು ಕೊಟ್ಟ ಮಾತ್ರೆಗೆ ಇಟ್ಟದ್ದು. ಫೇಲಾದದ್ದು ಮಾತ್ರೆ, ಇವಳಲ್ಲ. ಆರು ಇದ್ರೂ ಹೂ ಮುಟ್ಟಬಹುದು, ಹತ್ತು ಇದ್ರೂ ಮುಟ್ಟಬಹುದು. ಅಂಟುವುದಿಲ್ಲ ಅಂತ ಮೊದಲ ದಿನವೇ ಹೇಳಿದ್ದೆ ಅಲ್ವಾ?"

"ಹೇಳಿದ್ರಿ" ಎಂದರು ಕಮಲಕ್ಕ. "ಹೇಳಿ ಅದರ ಮೇಲೆ ಅಂಕವೂ ಹಾಕಿದ್ರಿ. ಎಂತದೂ ಇಲ್ಲದಿದ್ರೆ ಅಂಕ ಯಾಕೆ ಡಾಕ್ಟ್ರೆ?"

ಮೇಡಂ ಕೈಯಲ್ಲಿದ್ದ ಪ್ರಿಂಟನ್ನು ಮಗುಚಿ ಮೇಜಿನ ಮೇಲೆ ಇಟ್ಟರು. ಕಮಲಕ್ಕನ ದನಿ ಮೆತ್ತಗಾಯಿತು. "ನನಗೆ ಇವಳ ಮೇಲೆ ಹಗೆ ಉಂಟಾ? ನನ್ನ ಮಗ ಬೊಂಬಾಯಿಯಲ್ಲಿ ಕೂತಿದ್ದಾನೆ, ನನಗೆ ಗಂಜಿ ಬಡಿಸುವವಳು ಇವಳೇ. ಏಜೆಂಟ್ ಕೇಳಿದ್ರೆ ಹೇಳಲಿಕ್ಕೆ ನನ್ನ ಹತ್ತಿರ ಒಂದು ಮಾತು ಬೇಕಲ್ಲ. ಆಸ್ಪತ್ರೆಯಲ್ಲಿ ಪಾಸು ಮಾಡಿದ್ದಾರೆ ಅಂದ್ರೆ ಅವನ ಬಾಯಿ ಮುಚ್ತದೆ ಅಂತ ಮಾಡಿದ್ದು. ನನಗೂ ಹೆದರಿಕೆ ಉಂಟು, ಇಲ್ಲ ಅಂತ ಹೇಳುವುದಿಲ್ಲ. ದೇವರಿಗೆ ಹೋಗುವ ಹೂ ಅದು."

ಮೇಡಂ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಆಮೇಲೆ ಕೇಳಿದರು: "ಈ ಐಸನ್ನು ಇವಳ ಕೈಗೆ ಒತ್ತುತ್ತಾ ಇದ್ದದ್ದು ಯಾರು?"

"ನಾನೇ. ಇವಳಿಗೆ ಎರಡು ಕೈಗೂ ಒಟ್ಟಿಗೆ ಒತ್ತಿಕೊಳ್ಳಲಿಕ್ಕೆ ಆಗ್ತದಾ?"

"ಬಟ್ಟೆ ಸುತ್ತಿ ಒತ್ತಿದ್ದಾ?"

"ಬಟ್ಟೆ ಸುತ್ತಿದ್ರೆ ತಣ್ಣಗೆ ತಾಗುವುದಿಲ್ಲ. ಬರೀ ಕೈಯಲ್ಲಿ."

"ಪ್ರತಿ ಸಲ?"

"ಪ್ರತಿ ಸಲ."

"ನಿಮ್ಮ ಕೈ ತೋರಿಸಿ" ಎಂದರು ಮೇಡಂ.

ಕಮಲಕ್ಕ ಎರಡೂ ಕೈ ಮುಂದೆ ಚಾಚಿದರು. ನಾರು ಎಳೆದು ಎಳೆದು ಬೆರಳ ಸಂದಿಯಲ್ಲಿ ಜಡ್ಡು ಕಟ್ಟಿದ್ದು ಬಿಟ್ಟರೆ ಒಂದು ಕಲೆ ಇರಲಿಲ್ಲ. ಕಮಲಕ್ಕ ತಮ್ಮ ಅಂಗೈ ನೋಡಿದರು, ತಿರುಗಿಸಿ ಹಿಂಗೈ ನೋಡಿದರು, ಮತ್ತೆ ಸೊಸೆಯ ಕೈ ನೋಡಿದರು. ಆಮೇಲೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು, "ಇಷ್ಟು ಸಲ ಹಿಡಿದಿದ್ದೇನೆ, ನನಗೇ ಹೊಳೆಯಲಿಲ್ಲವಲ್ಲ" ಎಂದರು. ಜಲಜ ಅಷ್ಟು ಹೊತ್ತು ತಡೆದುಕೊಂಡಿದ್ದವಳು ಅಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತಳು. ನಾನು ಫ್ಲ್ಯಾಶಿನ ವಯರು ಸರಿಮಾಡುವ ನೆಪದಲ್ಲಿ ಆಚೆ ತಿರುಗಿದೆ.

ಹೋಗುವ ಮೊದಲು ಕಮಲಕ್ಕ ನನ್ನ ಹತ್ತಿರ ಬಂದು, "ಫೋಟೋದವ್ರೆ, ನನ್ನ ಕೈಯದ್ದೂ ಇವಳ ಕೈಯದ್ದೂ ಒಟ್ಟಿಗೆ ಒಂದು ತೆಗೆದು ಕೊಡ್ತೀರಾ? ಆ ಏಜೆಂಟಿಗೆ ತೋರಿಸಲಿಕ್ಕುಂಟು" ಎಂದರು. ಹಸಿರು ಗಾಜು ತೆಗೆದಿಟ್ಟು, ಬೂದು ಪಟ್ಟಿ ಇಡದೆ, ಎರಡು ಜೊತೆ ಕೈಗಳನ್ನು ಅಕ್ಕಪಕ್ಕ ಇರಿಸಿ ತೆಗೆದುಕೊಟ್ಟೆ.

ಮೇಡಂ ಮಾತ್ರೆ ನಿಲ್ಲಿಸಿದರು, ಡಾಂಬರಿನ ಮುಲಾಮು ಮತ್ತು ಬೆಳಗಿನ ಬಿಸಿಲು ಹೇಳಿದರು. ಅಳತೆಯನ್ನು ಬಿಡಲಿಲ್ಲ, ಬಿಡಬಾರದು ಕೂಡ. ಅಳತೆ ಇಲ್ಲದಿದ್ದರೆ ಆ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ತಿಳಿಯುತ್ತಲೇ ಇರಲಿಲ್ಲ. ಆದರೆ ಅಂಕ ಹೇಳುವ ಮೊದಲು ಅದು ಯಾವುದರ ಅಂಕ, ಯಾವುದರದ್ದಲ್ಲ ಎಂದು ರೋಗಿಗೂ ಜೊತೆಗೆ ಬಂದವರಿಗೂ ತಿಳಿಸಿ ಹೇಳುವ ಕ್ರಮ ಅಂದಿನಿಂದ ಶುರುವಾಯಿತು. ಚಿಕ್ಕ ಡಾಕ್ಟರ್ ಆ ಕೆಲಸವನ್ನು ತಾನೇ ಕೇಳಿ ವಹಿಸಿಕೊಂಡ. ಕಂಪ್ಯೂಟರಿನ ಮುಂದೆ ಕೂರುವ ಮಕ್ಕಳಿಗೆ ನಾನು ಹೇಳುವುದೂ ಅದನ್ನೇ. ನಿಮ್ಮ ಯಂತ್ರ ಕೊಡುವ ಸಂಖ್ಯೆಯನ್ನು ರೋಗಿ ಮನೆಗೆ ಒಯ್ಯುತ್ತಾನೆ, ಅಲ್ಲಿ ಅದಕ್ಕೆ ಯಾವ ಅರ್ಥ ಹಚ್ಚುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ.

ಮುಂದಿನ ತಿಂಗಳು ಅವರಿಬ್ಬರೂ ಬರುವ ದಿನ ನನಗೆ ಬೆಳಿಗ್ಗೆಯಿಂದಲೇ ಕಳವಳ. ಏಜೆಂಟ್ ಫೋಟೋ ನೋಡಿದನೋ, ನೋಡಿ ಏನು ಹೇಳಿದನೋ. ಕಾಯುವ ಬೆಂಚಿನಲ್ಲಿ ಇಬ್ಬರೂ ಕುಳಿತಿದ್ದರು. ಕಲೆಗಳು ಹಾಗೆಯೇ ಇದ್ದವು, ಕೆಂಪೂ ಹಾಗೆಯೇ ಇತ್ತು. ನಾನು ಗಡಿಯಾರ ನೋಡಿ, "ಇನ್ನು ಸ್ವಲ್ಪ ಹೊತ್ತು ಕೂರಬೇಕು ಕಮಲಕ್ಕ, ನಿಯಮ ಉಂಟು" ಎಂದೆ.

"ನಿಮ್ಮ ನಿಯಮ ನಿಮ್ಮ ಹತ್ತಿರವೇ ಇರಲಿ ಮಾರಾಯ್ರೆ" ಎಂದರು ಕಮಲಕ್ಕ. "ಕೊಯ್ದ ಮೊಗ್ಗು ಪೂರ ಚಾವಡಿಯಲ್ಲಿ ಬಿದ್ದುಂಟು. ಏಜೆಂಟ್ ಬರುವುದರೊಳಗೆ ಇವಳು ಕಟ್ಟಿ ಆಗಬೇಕು. ನನ್ನೊಬ್ಬಳ ಕೈಯಲ್ಲಿ ಮುಗಿಯುವುದಿಲ್ಲ."

ನಾನು ನಿಯಮ ಮುರಿದು ಅವಳನ್ನೇ ಮೊದಲು ಒಳಗೆ ಕರೆದೆ.